ಗ್ಲಾಕ್ 19ಕ್ಕೆ ಮನೆಯಲ್ಲೇ ಹೊಸ ಸೈಟ್: ಸುತ್ತಿಗೆ-ಪಂಚ್ ಒಳ್ಳೆಯದೋ, ಪುಷರ್ ಒಳ್ಳೆಯದೋ?

ಗ್ಲಾಕ್ 19 ಪಿಸ್ತೂಲಿನ ಜೊತೆಗೆ ಸಾಮಾನ್ಯವಾಗಿ ಬರುವ ಸೈಟ್‌ಗಳು (ಮೇಲ್ಭಾಗದಲ್ಲಿ ಮುಂದೊಂದು, ಹಿಂದೊಂದು ಇರುವ ಗುರಿಗುರುತುಗಳು) ಪ್ಲಾಸ್ಟಿಕ್ಕಿನವು. ಗುರಿ ಹಿಡಿಯಲು ಅವು ಸಾಕಾದರೂ, ಪಿಸ್ತೂಲು ಇಡುವ ಹೋಲ್‌ಸ್ಟರ್‌ ಚೀಲಕ್ಕೆ ಉಜ್ಜಿ ಉಜ್ಜಿ ಅಂಚು ಸವೆಯುತ್ತದೆ ಮತ್ತು ಮಬ್ಬುಗತ್ತಲಿನಲ್ಲಿ ಕಣ್ಣಿಗೆ ಸಿಗುವುದಿಲ್ಲ. ಟೆಕ್ಸಸ್‌ನಲ್ಲಿ ನೆಲೆಸಿರುವ ನಾನು ಉಕ್ಕಿನ ಸೈಟ್‌ಗಳನ್ನು ಗ್ಯಾರೇಜಿನಲ್ಲೇ ಕೂರಿಸಿದ್ದೇನೆ. ಹಿತ್ತಾಳೆಯ ಪಂಚ್ ಮತ್ತು ಸುತ್ತಿಗೆಯಿಂದಲೂ, ಸ್ಕ್ರೂ ತಿರುಗಿಸಿ ತಳ್ಳುವ ಪುಷರ್‌ನಿಂದಲೂ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯು ಬಂದೂಕಿನ ದುರಸ್ತಿಗೂ ಪರವಾನಗಿ ಕೇಳುವುದರಿಂದ, ಊರಿನಲ್ಲಿರುವವರು ಈ ಕೆಲಸವನ್ನು ಪರವಾನಗಿಯುಳ್ಳವರಿಗೇ ಒಪ್ಪಿಸಬೇಕು.

ಯಾವ ದಾರಿ ಹಿಡಿದರೂ ಮೊದಲು ಮ್ಯಾಗಜಿನ್ ತೆಗೆದು, ಚೇಂಬರ್ (ಗುಂಡು ಕೂರುವ ಗೂಡು) ಖಾಲಿಯಿರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಗುಂಡುಗಳನ್ನು ಬೇರೆ ಕೋಣೆಯಲ್ಲಿರಿಸಿ, ಬ್ಯಾರೆಲ್ ಮತ್ತು ಸ್ಪ್ರಿಂಗ್ ಕಳಚಿದ ಬರಿಯ ಸ್ಲೈಡ್ (ಪಿಸ್ತೂಲಿನ ಹಿಂದೆ-ಮುಂದೆ ಜಾರುವ ಮೇಲ್ಭಾಗ) ಮೇಲಷ್ಟೇ ಕೈ ಹಾಕಬೇಕು. ಮುಂದಿನ ಸೈಟ್‌ನಲ್ಲಿ ಎರಡು ವಿಧಾನಗಳಿಗೂ ವ್ಯತ್ಯಾಸವಿಲ್ಲ: ಸ್ಲೈಡಿನ ಒಳಗಿನಿಂದ ಬರುವ ಸಣ್ಣ ಸ್ಕ್ರೂವನ್ನು 3/16 ಇಂಚಿನ, ತೆಳುಗೋಡೆಯ ನಟ್ ಡ್ರೈವರ್‌ನಿಂದ ಬಿಗಿದು, ಒಂದು ತೊಟ್ಟು ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿದರೆ ಮುಗಿಯಿತು.

ಹಿಂದಿನ ಸೈಟ್ ಡವ್‌ಟೇಲ್ ಕಚ್ಚಿನಲ್ಲಿ (ತಳ ಅಗಲ, ಬಾಯಿ ಕಿರಿದಾದ ಅಡ್ಡ ಸೀಳಿನಲ್ಲಿ) ಬಿಗಿಯಾಗಿ ಕುಳಿತಿರುತ್ತದೆ, ಪೈಪೋಟಿ ಇರುವುದು ಇಲ್ಲಿಯೇ. ಸುತ್ತಿಗೆ-ಪಂಚ್ ಅಗ್ಗ, ಸ್ಲೈಡನ್ನು ಮರದ ಅಥವಾ ನೈಲಾನ್ ತುಂಡುಗಳ ನಡುವೆ ವೈಸ್‌ನಲ್ಲಿ ಹಿಡಿಸಿದರೆ ಪ್ಲಾಸ್ಟಿಕ್ ಸೈಟ್ ಕೆಲವೇ ಏಟಿಗೆ ಹೊರಬರುತ್ತದೆ. ಹಳೆಯದನ್ನು ಹೊರಹಾಕಲು ನಾನು ಈಗಲೂ ಇದನ್ನೇ ಮೆಚ್ಚುತ್ತೇನೆ. ಆದರೆ ಹೊಸದನ್ನು ನಡುವಿಗೆ ತರುವಾಗ ಏಟಿನ ಅಳತೆ ನಮ್ಮ ಕೈಯಲ್ಲಿರುವುದಿಲ್ಲ: ಮೆಲ್ಲಗೆ ಬಡಿದರೆ ಸೈಟ್ ಅಲುಗುವುದಿಲ್ಲ, ಸ್ವಲ್ಪ ಜೋರಾದರೆ ನಡುಗೆರೆ ದಾಟಿ ಆಚೆ ಹೋಗುತ್ತದೆ. ಈ ಗೆರೆ ಎಷ್ಟು ಸೂಕ್ಷ್ಮವೆಂದರೆ, ಈ ಪಿಸ್ತೂಲಿನ ಎರಡು ಸೈಟ್‌ಗಳ ನಡುವಿನ ಅಂತರ ಸುಮಾರು 153 ಮಿಲಿಮೀಟರ್ ಇರುವುದರಿಂದ, ಹಿಂದಿನದು ಅರ್ಧ ಮಿಲಿಮೀಟರ್ ಸರಿದರೂ 25 ಗಜದಲ್ಲಿ ಗುಂಡು ಸುಮಾರು ಏಳೂವರೆ ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಪುಷರ್‌ನ ಹಿಡಿಯನ್ನು ಕಾಲು ಸುತ್ತು ತಿರುಗಿಸಿದಾಗ ಸೈಟ್ ಕೂದಲೆಳೆಯಷ್ಟು ಜರುಗುವುದನ್ನು ಕೈಯೇ ತಿಳಿಯುತ್ತದೆ. ಕ್ಯಾಲಿಪರ್‌ನಿಂದ ಎರಡೂ ಬದಿಯ ಅಂತರವನ್ನು ಅಳೆಯುತ್ತಾ ಹೋಗಬಹುದು. ಬೆಲೆ ಹಲವು ಪಟ್ಟು ಹೆಚ್ಚು, ಮತ್ತು ತಳ್ಳುವ ತುಂಡು ಸೈಟ್‌ನ ಬುಡಕ್ಕೇ ತಾಗುವಂತೆ ಹೊಂದಿಸದಿದ್ದರೆ ಸೈಟ್ ಓರೆಯಾಗಿ ಕಚ್ಚಿಕೊಳ್ಳುತ್ತದೆ ಎಂಬುದನ್ನೂ ಹೇಳಲೇಬೇಕು.

ಕೂರಿಸುವ ಸೈಟ್ ಯಾವುದೆಂಬುದೂ ಈ ಆಯ್ಕೆಯನ್ನು ತೀರ್ಮಾನಿಸುತ್ತದೆ. ಟ್ರಿಟಿಯಂ ಸೈಟ್‌ನೊಳಗೆ ಟ್ರಿಟಿಯಂ ಎಂಬ ವಿಕಿರಣಶೀಲ ಅನಿಲ ತುಂಬಿದ ಗಾಜಿನ ನಳಿಕೆ ಇರುವುದರಿಂದ ಅದಕ್ಕೆ ಸುತ್ತಿಗೆ ತಾಗಿಸಲು ನನಗೆ ಮನಸ್ಸಿಲ್ಲ. ಅದು ಕತ್ತಲಿನಲ್ಲಿ ತಾನಾಗಿ ಹೊಳೆಯುತ್ತದೆ, ಆದರೆ ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷವಾದ್ದರಿಂದ ಹೊಳಪು ವರ್ಷ ಕಳೆದಂತೆ ಕುಂದುತ್ತದೆ. ಸುತ್ತಲ ಬೆಳಕು ಹಿಡಿದು ಹೊಳೆಯುವ ಎಳೆಯುಳ್ಳ ಫೈಬರ್ ಆಪ್ಟಿಕ್ ಮುಂಬದಿಯ ಸೈಟ್ ಬಿಸಿಲಿನ ರೇಂಜ್‌ನಲ್ಲಿ ಅದಕ್ಕಿಂತ ಬೇಗ ಕಣ್ಣಿಗೆ ಸಿಗುತ್ತದೆ, ಎಳೆ ಮುರಿದರೆ ಬೇರೆ ಎಳೆ ಹಾಕಿ ತುದಿಯನ್ನು ಲೈಟರ್‌ನಿಂದ ಕರಗಿಸಿದರಾಯಿತು. ಕತ್ತಲಿನಲ್ಲಿ ಮಾತ್ರ ಪ್ರಯೋಜನವಿಲ್ಲ. ಮನೆಯ ರಕ್ಷಣೆಗೆ ಇಟ್ಟುಕೊಳ್ಳುವವರು ಟ್ರಿಟಿಯಂ ಕೊಳ್ಳಲಿ, ಜೊತೆಗೆ ಪುಷರ್ ಇರಲಿ.

ಸ್ಮಿತ್ ಅಂಡ್ ವೆಸ್ಸನ್ ಎಂ ಅಂಡ್ ಪಿ ಪಿಸ್ತೂಲು ಇರುವವರಿಗೆ ಇನ್ನೊಂದು ಎಚ್ಚರಿಕೆ ಸಲ್ಲುತ್ತದೆ: ಹಿಂದಿನ ಸೈಟ್‌ನ ಅಡಿಯಲ್ಲಿ ಸ್ಟ್ರೈಕರ್ (ಗುಂಡನ್ನು ಸಿಡಿಸುವ ಸೂಜಿ) ತಡೆಯ ಸ್ಪ್ರಿಂಗ್ ಅಡಗಿರುತ್ತದೆ, ಸೈಟ್ ಜರುಗಿದೊಡನೆ ಅದು ಹಾರಬಹುದು. ಪಂಚ್ ಹಿಡಿದ ಕೈಗೆ ಅದನ್ನು ಅದುಮಿಡಲು ಬಿಡುವಿರುವುದಿಲ್ಲ.

ಕೂರಿಸಿದ ಮೇಲೆ ಮೇಜಿನ ಆಸರೆಯಿಂದ 10 ಗಜದಲ್ಲಿ ಗುಂಡು ಹಾರಿಸಿ ನೋಡಿ. ಗುಂಡು ಎಡಕ್ಕೆ ಬಿದ್ದರೆ ಹಿಂದಿನ ಸೈಟನ್ನು ಬಲಕ್ಕೆ ಜರುಗಿಸಿ. ಕೆಳಕ್ಕೆ ಬಿದ್ದರೆ ಜರುಗಿಸುವುದರಿಂದ ಉಪಯೋಗವಿಲ್ಲ, ಎತ್ತರ ಕಡಿಮೆಯಿರುವ ಮುಂದಿನ ಸೈಟ್ ತರಿಸಬೇಕು.