ಹಾಸನದ ‘ಮಾನ–ಅವಮಾನ’ ಬೈಬಲ್ ತರಗತಿ: ಶನಿವಾರ ತಪ್ಪಿಸಬೇಡಿ, ಭಾನುವಾರ ಹುಷಾರು

ಹೊಸ ಒಡಂಬಡಿಕೆಯನ್ನು ಮೊದಲ ಶತಮಾನದ ಮೆಡಿಟರೇನಿಯನ್ ಜನರ ಮಾನ–ಅವಮಾನದ ಲೆಕ್ಕದಲ್ಲಿ, ಅಂದರೆ ಜನರ ಎದುರು ಯಾರ ಮರ್ಯಾದೆ ಏರಿತು, ಯಾರದ್ದು ಇಳಿಯಿತು ಎಂದು ನೋಡುತ್ತ ಓದಿಸುವ ಎರಡು ದಿನದ ತರಗತಿ ಇದು. ಊಟ ಸೇರಿ 300 ರೂಪಾಯಿ. ನಾಲ್ಕು ಗಂಟೆಗೆ ಬಿಡುತ್ತಾರೆ, ಬೇಲೂರು, ಸಕಲೇಶಪುರದ ಕಡೆಯವರಿಗೆ ಬಸ್ಸು ಸಿಗುತ್ತದೆ.

ಶನಿವಾರ ಬೆಳಗ್ಗೆಯೆಲ್ಲ ಲೂಕ 13:10–17 ಒಂದೇ: ಸಬ್ಬತ್ತಿನಲ್ಲಿ, ಅಂದರೆ ಯೆಹೂದ್ಯರ ವಾರದ ವಿಶ್ರಾಂತಿ ದಿನ, ಯೇಸು ಸಭಾಮಂದಿರದಲ್ಲಿ ಒಬ್ಬ ಹೆಂಗಸನ್ನು ವಾಸಿಮಾಡುವ ಭಾಗ. ಕೈಗೊಂದು ಹಾಳೆ, ಅದರಲ್ಲಿ ನಾಲ್ಕು ಕಾಲಂ: ಸವಾಲು ಯಾರದ್ದು, ಯಾರ ಎದುರು, ಉತ್ತರ ಏನು, ಗೆದ್ದವರು ಯಾರೆಂದು ಹೇಳಿದವರು ಯಾರು. ತುಂಬಿಸಲು ಕೂತಾಗ ಗೊತ್ತಾಗುತ್ತದೆ, ಸಭಾಮಂದಿರದ ಅಧಿಕಾರಿ ಯೇಸುವಿನ ಹತ್ತಿರ ಮಾತೇ ಆಡುವುದಿಲ್ಲ. ಸಿಟ್ಟು ಯೇಸುವಿನ ಮೇಲೆ, ಗದರುವುದು ಜನರಿಗೆ. ಉತ್ತರವೂ ಎಲ್ಲರ ಎದುರೇ: ಸಬ್ಬತ್ತಿನಲ್ಲಿ ನೀವು ಎತ್ತು, ಕತ್ತೆ ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗುವುದಿಲ್ಲವೇ? 18 ವರ್ಷ ನಡು ಬಗ್ಗಿದ್ದ ಹೆಂಗಸಿಗೆ ‘ಅಬ್ರಹಾಮನ ಮಗಳು’ ಎಂಬ ಮರ್ಯಾದೆ ಅಲ್ಲೇ ಸಲ್ಲುತ್ತದೆ. 17ನೇ ವಚನದಲ್ಲಿ ವಿರೋಧಿಗಳು ನಾಚುತ್ತಾರೆ, ಜನ ಸಂತೋಷಪಡುತ್ತಾರೆ, ತೀರ್ಪು ಜನರದ್ದು. ಬಹಳಷ್ಟು ಮಂದಿ ಈ ಕೊನೇ ಕಾಲಂ ಖಾಲಿ ಬಿಡುತ್ತಾರೆ. ಬಿಟ್ಟರೆ ಇಡೀ ಭಾಗ ಬರೀ ಸಬ್ಬತ್ ನಿಯಮದ ಚರ್ಚೆಯಾಗಿಬಿಡುತ್ತದೆ.

ಬಲಗೆನ್ನೆಯ ಪಾಠವೂ (ಮತ್ತಾಯ 5:39) ಗಟ್ಟಿ. ಬಲಗೈ ಏಟು ಎದುರಿನವರ ಬಲಗೆನ್ನೆಗೆ ಬೀಳಬೇಕಾದರೆ ಹಿಂಗೈಯಲ್ಲೇ ಹೊಡೆಯಬೇಕು. ಯೆಹೂದ್ಯರ ಧರ್ಮನಿಯಮಗಳ ಸಂಕಲನವಾದ ಮಿಷ್ನಾ ಪ್ರಕಾರ ಕಪಾಳಕ್ಕೆ 200 ಜೂಜ್ (ಬೆಳ್ಳಿ ನಾಣ್ಯ) ದಂಡ, ಹಿಂಗೈಯಾದರೆ 400. ಒಂದು ಜೂಜ್ ಸುಮಾರು ಒಂದು ದಿನದ ಕೂಲಿ. ನೋವಿಗಿಂತ ಅವಮಾನಕ್ಕೇ ದಂಡ ಜಾಸ್ತಿ. ಮಿಷ್ನಾ ಸಂಕಲನವಾದದ್ದು ಮಾತ್ರ ಕ್ರಿ.ಶ. 200ರ ಸುಮಾರಿಗೆ. ಇಷ್ಟನ್ನು ಹಾಳೆಯಲ್ಲಿ ಅಚ್ಚು ಹಾಕಿಸಬಹುದಿತ್ತು.

ಭಾನುವಾರ ಹಿಡಿತ ಸಡಿಲ. ಲೂಕ 15ರಲ್ಲಿ ಮನೆ ಬಿಟ್ಟುಹೋದ ಮಗ ಮರಳಿದಾಗ ಓಡಿಹೋಗಿ ತಬ್ಬುವ ತಂದೆಯ ಬಗ್ಗೆ ‘ಹಿರಿಯರು ಓಡಿದರೆ ಮಾನ ಹೋಗುತ್ತಿತ್ತು’ ಎಂದು ಖಡಾಖಂಡಿತವಾಗಿ ಹೇಳಿಬಿಡುತ್ತಾರೆ. ಅದಕ್ಕೆ ಆಧಾರ ಬಹುಮಟ್ಟಿಗೆ ಈಚಿನ ಕಾಲದ ಮಧ್ಯಪ್ರಾಚ್ಯದ ಹಳ್ಳಿಗಳು. 20ನೇ ವಚನ ತಾನೇ ಕೊಡುವ ಕಾರಣ ಕನಿಕರ. ಈ ಓದಿನ ಬುಡವೇ ಹಾಗಿದೆ. 1965ರಲ್ಲಿ ಮಾನವಶಾಸ್ತ್ರಜ್ಞ ಪೆರಿಸ್ಟಿಯಾನಿ ಸಂಪಾದಿಸಿದ ಮಾನ–ಅವಮಾನದ ಅಧ್ಯಯನಗಳು ಬಹುಮಟ್ಟಿಗೆ ಸ್ಪೇನ್, ಗ್ರೀಸ್, ಸೈಪ್ರಸ್, ಅಲ್ಜೀರಿಯ, ಈಜಿಪ್ಟಿನ ಆಗಿನ ಸಮುದಾಯಗಳದ್ದು. 1981ರಲ್ಲಿ ಬೈಬಲ್ ವಿದ್ವಾಂಸ ಬ್ರೂಸ್ ಮಲೀನಾ ಆ ಮಾದರಿಯನ್ನು ಹೊಸ ಒಡಂಬಡಿಕೆಗೆ ಹಚ್ಚಿದರು. ಊರೂರಿಗೆ ಬೇರೆಯಾದದ್ದನ್ನು ಒಂದೇ ಹೆಸರಿನಡಿ ತರುವುದಕ್ಕೆ ಮಾನವಶಾಸ್ತ್ರಜ್ಞ ಮೈಕೆಲ್ ಹರ್ಜ್‌ಫೆಲ್ಡ್ 1980ರಲ್ಲೇ ತಕರಾರು ಎತ್ತಿದ್ದರು. ತರಗತಿಯಲ್ಲಿ ಇದರ ಸುದ್ದಿಯೇ ಇಲ್ಲ.

ಕೊರಿಂಥದ ಕ್ರೈಸ್ತರು ಒಟ್ಟಿಗೆ ಸೇರಿ ಮಾಡುತ್ತಿದ್ದ ಊಟದ ಬಗ್ಗೆ ಪೌಲ ಬರೆದ 1 ಕೊರಿಂಥ 11:20–22ಕ್ಕೆ ತರಗತಿಯವರು ಕೊಡುವುದು ಮದುವೆಮನೆಯ ಮೊದಲ ಪಂಕ್ತಿಯ ಉದಾಹರಣೆ. ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಅಮಲು ಎಂಬಲ್ಲಿವರೆಗೆ ಸರಿ. ಆದರೆ ನಮ್ಮ ಕಡೆ ಪಂಕ್ತಿ ಅಂದ ಕೂಡಲೇ ಜಾತಿ, ಮೈಲಿಗೆ ನುಗ್ಗುತ್ತವೆ. ಪೌಲ ಬೈಯುವುದು ಏನೂ ಇಲ್ಲದವರನ್ನು ನಾಚಿಕೆಪಡಿಸಿದ್ದಕ್ಕೆ. ಅಲ್ಲಿ ಹೇಳಬೇಕಿದ್ದದ್ದು ಆಸ್ತಿ, ಗುಲಾಮಗಿರಿ, ರೋಮನ್ನರ ಔತಣದ ಪದ್ಧತಿ.

ಹೋದವರು ಖಾಲಿ ಹಾಳೆ ಒಂದನ್ನು ಜೆರಾಕ್ಸ್ ಮಾಡಿಸಿಕೊಳ್ಳಿ. ಮಾರ್ಕ 12:13–17ಕ್ಕೆ, ಕೈಸರನಿಗೆ ತೆರಿಗೆ ಕೊಡಬೇಕೇ ಎಂಬ ಆ ಪ್ರಶ್ನೆಗೆ, ಚೆನ್ನಾಗಿ ಕೂರುತ್ತದೆ. ಯೋಹಾನ 3ಕ್ಕೆ ಹಚ್ಚಲು ಹೋಗಬೇಡಿ. ಯೆಹೂದ್ಯ ಮುಖಂಡ ನಿಕೊದೇಮ ಯೇಸುವಿನ ಹತ್ತಿರ ಬರುವುದು ರಾತ್ರಿ, ನೋಡುವ ಜನರ ಮಾತೇ ಅಲ್ಲಿಲ್ಲ. ಎರಡನೇ ಕಾಲಂನಲ್ಲೇ ಪೆನ್ನು ನಿಲ್ಲುತ್ತದೆ.