ಹಳೆಯ ಮನೆಯ ರೇಡಿಯೇಟರ್‌ಗೆ ಉದ್ದನೆಯ ಬ್ರಷ್: ಬಳಸಿ ನೋಡಿದ ಮೇಲೆ

ಇಂಗ್ಲೆಂಡಿನ ಹಳೆಯ ಮನೆಗಳಲ್ಲಿರುವ ಕನ್ನಡಿಗರಿಗೆ, ಚಳಿ ಶುರುವಾಗಿ ಮೊದಲ ಸಲ ಹೀಟಿಂಗ್ ಹಾಕಿದಾಗ ಮನೆಯೆಲ್ಲ ಹರಡುವ ಸುಟ್ಟ ವಾಸನೆಯ ಪರಿಚಯ ಇದ್ದೇ ಇರುತ್ತದೆ. ಒಳಗೆ ಬಿಸಿನೀರು ಹರಿದು ಕೋಣೆಯನ್ನು ಬೆಚ್ಚಗಿಡುವ ಲೋಹದ ರೇಡಿಯೇಟರಿನ ಸಂದಿಗಳಲ್ಲಿ ಬೇಸಿಗೆಯುದ್ದಕ್ಕೂ ಕೂತ ಧೂಳು ಕಾದಾಗ ಏಳುವ ವಾಸನೆ ಅದು. ಬಟ್ಟೆಯಿಂದ ಹೊರಮೈ ಒರೆಸಬಹುದು, ಆದರೆ ಸಂದಿಯೊಳಗೆ ಕೈ ಹೋಗುವುದಿಲ್ಲ. ಅದಕ್ಕೆಂದೇ ಇಲ್ಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಉದ್ದನೆಯ ಬ್ರಷ್ ಸಿಗುತ್ತದೆ. ಮರದ ಹಿಡಿ, ಹೊಸೆದ ತಂತಿ, ತಂತಿಯ ಸುತ್ತ ಮೇಕೆಯ ಕೂದಲು. ಎಲ್ಲ ಸೇರಿ ಮುಕ್ಕಾಲು ಮೀಟರಿನಷ್ಟು ಉದ್ದ.

ನಮ್ಮದು ವಿಕ್ಟೋರಿಯಾ ರಾಣಿಯ ಕಾಲದ ಸಾಲುಮನೆ. ಹಜಾರದಲ್ಲಿ ಎರಕದ ಕಬ್ಬಿಣದ, ಕಂಬಗಳನ್ನು ಜೋಡಿಸಿದಂಥ ಹಳೆಯ ರೇಡಿಯೇಟರ್ ಇದೆ. ಮಲಗುವ ಕೋಣೆಗಳಲ್ಲಿರುವುದು ಆಮೇಲೆ ಹಾಕಿದ ಉಕ್ಕಿನ ತಗಡಿನವು. ಕಂಬಗಳ ನಡುವೆ ಈ ಬ್ರಷ್ ಸಲೀಸಾಗಿ ಓಡಾಡುತ್ತದೆ. ತಂತಿಯನ್ನು ಬೇಕಾದಂತೆ ಬಗ್ಗಿಸಬಹುದಾದ್ದರಿಂದ ಗೋಡೆಗೂ ರೇಡಿಯೇಟರಿಗೂ ನಡುವಿನ ಸಂದಿಯನ್ನೂ ಅದು ಬಿಡುವುದಿಲ್ಲ.

ನಿಜವಾದ ಪರೀಕ್ಷೆ ತಗಡಿನ ರೇಡಿಯೇಟರಿನದು. ಅದರ ಬೆನ್ನಿಗೆ ಮಡಿಕೆ ಮಡಿಕೆಯಾದ ಇನ್ನೊಂದು ತಗಡನ್ನು ಬೆಸೆದಿರುತ್ತಾರೆ. ತಣ್ಣನೆಯ ಗಾಳಿ ಕೆಳಗಿನಿಂದ ಆ ಮಡಿಕೆಗಳೊಳಗೆ ನುಗ್ಗಿ, ಕಾದು, ಮೇಲಿನ ಜಾಲರಿಯಿಂದ ಕೋಣೆಗೆ ಬರುತ್ತದೆ. ಧೂಳು ಈ ದಾರಿಯನ್ನೇ ಕಟ್ಟುತ್ತದೆ. ಹೀಟಿಂಗ್ ಆರಿಸಿ, ರೇಡಿಯೇಟರ್ ಪೂರ್ತಿ ತಣ್ಣಗಾದ ಮೇಲೆ ಜಾಲರಿಯನ್ನು ಮೇಲಕ್ಕೆತ್ತಿ ತೆಗೆದು, ಬ್ರಷ್ಷನ್ನು ಒಂದೊಂದೇ ಮಡಿಕೆಯೊಳಗೆ ತಳದವರೆಗೆ ಇಳಿಸಿ ತಿರುಗಿಸಿದಾಗ, ಕೆಳಗೆ ಹಾಸಿದ ಒದ್ದೆ ಪತ್ರಿಕೆಯ ಮೇಲೆ ಬೂದುಬಣ್ಣದ ಕಂಬಳಿಯ ತುಂಡುಗಳಂತೆ ಧೂಳು ಬಿತ್ತು. ಜೊತೆಗೆ ಸತ್ತ ಜೇಡಗಳು, ಒಂದು ಹೇರ್‌ಪಿನ್, ಬಣ್ಣದ ಪೆನ್ಸಿಲಿನ ಚೂರು. ತಳದಲ್ಲಿ ವ್ಯಾಕ್ಯೂಮ್ ಕ್ಲೀನರಿನ ಮೂತಿಯನ್ನು ಹಿಡಿದುಕೊಳ್ಳಲು ಇನ್ನೊಬ್ಬರಿದ್ದರೆ ಧೂಳು ಕೋಣೆಯಲ್ಲಿ ಹಾರಾಡುವುದಿಲ್ಲ.

ದಪ್ಪ ಬ್ರಷ್ ಮಾತ್ರ ಇಲ್ಲಿ ಕೈಕೊಡುತ್ತದೆ. ಎರಡು ತಗಡು, ಎರಡು ಮಡಿಕೆಯ ಸಾಲು ಇರುವ ರೇಡಿಯೇಟರಿಗೆ ತೆಳ್ಳನೆಯದೇ ಬೇಕು. ಕೊಳ್ಳುವ ಮುನ್ನ ಸಂದಿಯ ಅಗಲ ಅಳೆದುಕೊಂಡು ಹೋಗುವುದು ಒಳ್ಳೆಯದು. ಅಗ್ಗದ ನೈಲಾನ್ ಬ್ರಷ್ಷನ್ನೂ ಬಳಸಿದೆ. ಅದರ ಗಡುಸು ಎಳೆಗಳು ಧೂಳನ್ನು ಹಿಡಿದುಕೊಳ್ಳುವ ಬದಲು ಸುತ್ತಲೂ ಚಿಮ್ಮಿಸಿದವು, ತುದಿಯಲ್ಲಿ ಬರಿದಾಗಿದ್ದ ತಂತಿ ಬಣ್ಣವನ್ನು ಗೀರಿತು. ತುದಿಯವರೆಗೂ ಕೂದಲಿರುವ ಬ್ರಷ್ಷನ್ನೇ ಆರಿಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ.

ಇನ್ನೊಂದು ವಿಷಯದಲ್ಲಿ ದಯವಿಟ್ಟು ಎಚ್ಚರಿಕೆ ವಹಿಸಿ. ಸೀಸ ಬೆರೆತ ಬಣ್ಣದ ಸಾಮಾನ್ಯ ಮಾರಾಟ ಬ್ರಿಟನ್ನಿನಲ್ಲಿ ನಿಂತದ್ದು 1992ರಲ್ಲಿ, ಹಾಗಾಗಿ ಹಳೆಯ ಕಬ್ಬಿಣದ ರೇಡಿಯೇಟರಿನ ಒಳಪದರಗಳಲ್ಲಿ ಸೀಸ ಇರುವ ಸಾಧ್ಯತೆ ಇದ್ದೇ ಇದೆ. ಬಣ್ಣ ಹಕ್ಕಳೆಯೇಳುತ್ತಿದ್ದರೆ ಒಣ ಬ್ರಷ್ಷಿನಿಂದ ಉಜ್ಜಬಾರದು, ಮರಳು ಕಾಗದವನ್ನಂತೂ ಮುಟ್ಟಿಸಲೇಬಾರದು. ತೆವಳುವ ಮಗು ಮನೆಯಲ್ಲಿದ್ದರೆ ಮೊದಲು ಬಣ್ಣವನ್ನು ಪರೀಕ್ಷೆ ಮಾಡಿಸಿ.

ಫಲ ಎಷ್ಟು? ಸುಟ್ಟ ವಾಸನೆ ಹೋಯಿತು. ರೇಡಿಯೇಟರ್ ಧೂಳಿನಿಂದ ಕಟ್ಟಿಹೋಗಿದ್ದ ಮಲಗುವ ಕೋಣೆ ಮೊದಲಿಗಿಂತ ಬೇಗ ಬೆಚ್ಚಗಾಗುತ್ತಿದೆ. ಹಜಾರದ ಕಬ್ಬಿಣದ ರೇಡಿಯೇಟರಿನ ಕಾವಿನಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ. ರೇಡಿಯೇಟರಿನ ಮೇಲ್ಭಾಗವಷ್ಟೇ ತಣ್ಣಗಿದ್ದರೆ ಒಳಗೆ ಗಾಳಿ ಸೇರಿಕೊಂಡಿರುತ್ತದೆ, ಕೆಳಭಾಗ ತಣ್ಣಗಿದ್ದರೆ ಸಾಮಾನ್ಯವಾಗಿ ನೀರಿನಲ್ಲಿ ಕೆಸರು ಕಟ್ಟಿರುತ್ತದೆ. ಇವೆರಡಕ್ಕೂ ಬ್ರಷ್ ಮದ್ದಲ್ಲ.

ಕೆಲಸ ಮುಗಿದ ಮೇಲೆ ಕೂದಲನ್ನು ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದು, ತಲೆಕೆಳಗಾಗಿ ನೇತುಹಾಕಿ ಚೆನ್ನಾಗಿ ಒಣಗಿಸಬೇಕು. ತಂತಿಗೆ ತುಕ್ಕು ಹಿಡಿದರೆ ಮುಂದಿನ ಸಲ ಅದರ ಕಲೆ ಗೋಡೆಗೆ ಅಂಟುತ್ತದೆ.