ಬಾಗಿಲಲ್ಲಿ ನಿಂತ ಕೋವಿ: ಸಶಸ್ತ್ರ ಕಾವಲು ಸೇವೆಯೊಂದರ ಹನ್ನೊಂದು ತಿಂಗಳ ಅನುಭವ

ಮುಂಬೈಯ ಭಾಂಡುಪಿನಲ್ಲಿ ನಮ್ಮ ಕನ್ನಡಿಗರದ್ದೊಂದು ಸಣ್ಣ ಪತ್ತಿನ ಸಹಕಾರಿ ಸಂಘವಿದೆ. ಸದಸ್ಯರಲ್ಲಿ ಹೆಚ್ಚಿನವರು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದವರು. ಬಂಗಾರದ ಮೇಲೆ ಸಾಲ ಕೊಡಲು ಆರಂಭಿಸಿದಾಗ, ಬಾಗಿಲಲ್ಲಿ ಬಂದೂಕು ಹಿಡಿದ ಕಾವಲುಗಾರನೊಬ್ಬ ಇರಲೇಬೇಕೆಂದು ಆಡಳಿತ ಮಂಡಳಿ ಪಟ್ಟು ಹಿಡಿಯಿತು. ಕಾರ್ಯದರ್ಶಿಯಾದ ನಾನು ಮೂರು ಏಜೆನ್ಸಿಗಳಿಂದ ದರಪಟ್ಟಿ ತರಿಸಿ ನಡುವಿನದ್ದನ್ನು ಆರಿಸಿದೆ. 2024ರ ಜೂನ್‌ನಿಂದ ಹನ್ನೊಂದು ತಿಂಗಳು ಪಡೆದ ಆ ಸೇವೆಯ ವಿಮರ್ಶೆಯಿದು. ಏಜೆನ್ಸಿಯ ಹೆಸರು ಹೇಳುವುದಿಲ್ಲ. ಉಳಿದಿಬ್ಬರು ವಿವರಿಸಿದ ವ್ಯವಸ್ಥೆಯೂ ಹೆಚ್ಚುಕಡಿಮೆ ಇದೇ ಆಗಿತ್ತು.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಬಿಲ್ಲು ಸರಿಯಾಗಿ ಬರುತ್ತಿತ್ತು, ಭವಿಷ್ಯನಿಧಿ ತುಂಬಿದ ರಸೀದಿ ಕೇಳಿದರೆ ಕೊಡುತ್ತಿದ್ದರು, ಕಾವಲುಗಾರ ಸಮಯಕ್ಕೆ ಹಾಜರಿರುತ್ತಿದ್ದ. ಪೂರ್ವ ಉತ್ತರ ಪ್ರದೇಶದ ಆ ಮಧ್ಯವಯಸ್ಕ ಸಭ್ಯ; ವಯಸ್ಸಾದ ಸದಸ್ಯರನ್ನು ಕೈಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದ.

ತಕರಾರು ಇರುವುದು ಬಂದೂಕಿನ ಬಗ್ಗೆ. ಕಾಡುಹಂದಿಯ ಕಾಟಕ್ಕೆಂದು ಕೋವಿ ಇಟ್ಟುಕೊಂಡ ಮಲೆನಾಡಿನ ಮನೆಯಲ್ಲಿ ಬೆಳೆದವನಾದ್ದರಿಂದ ಮೊದಲ ವಾರವೇ ನನ್ನ ಕಣ್ಣು ಅದರ ಮೇಲೆ ಬಿತ್ತು. 12 ಬೋರಿನ ಜೋಡುನಳಿಗೆ. ಹಿಡಿ ಒಂದೆಡೆ ಸೀಳಿದ್ದು, ತಾಮ್ರದ ತಂತಿ ಸುತ್ತಿದ್ದರು. ಚಹಾಕ್ಕೆ ಹೋಗುವಾಗ ಅವನು ಅದನ್ನು ನೀರಿನ ಫಿಲ್ಟರಿನ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದ. ತೋಟೆಗಳೆಲ್ಲಿ ಎಂದು ಕೇಳಿದಾಗ ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಎರಡನ್ನು ತೆಗೆದ: ಪುಣೆಯ ಖಡ್ಕಿಯ ಮದ್ದುಗುಂಡು ಕಾರ್ಖಾನೆಯ ಶಕ್ತಿಮಾನ್ ಹೆಸರಿನ ತೋಟೆಗಳು, ಹಿತ್ತಾಳೆಯ ಬುಡ ಹಸಿರುಗಟ್ಟಿತ್ತು. ಹಾಗಾದರೆ ಕೋವಿ ಖಾಲಿಯೇ ಎಂದು ನಳಿಗೆ ಬಗ್ಗಿಸಿ ತೆರೆದು ತೋರಿಸಲು ಹೇಳಿದೆ. ಎಡ ನಳಿಗೆಯಲ್ಲಿ ಮೂರನೆಯದೊಂದು ಕೂತಿತ್ತು. ಅದು ಅಲ್ಲಿರುವುದು ಅವನಿಗೂ ಮರೆತುಹೋಗಿತ್ತು. ಶಾಲೆ ಬಿಟ್ಟ ಮಕ್ಕಳು ತಾಯಂದಿರ ಜೊತೆ ಬಂದು ಕೂರುವ ಬೆಂಚು ಆ ಮೊಳೆಯಿಂದ ನಾಲ್ಕು ಹೆಜ್ಜೆ.

ಏಜೆನ್ಸಿಯನ್ನು ಕೇಳಿದರೆ, ಬಂದೂಕು ತಮ್ಮದಲ್ಲ, ಕಾವಲುಗಾರನ ಸ್ವಂತದ್ದು ಎಂದರು. ದರಪಟ್ಟಿಯಲ್ಲಿ 'ಗನ್‌ಮ್ಯಾನ್' ಎಂದು ಹೆಚ್ಚು ದರ ಬರೆದದ್ದೇ ಆ ಸ್ವಂತ ಬಂದೂಕಿನ ಬಾಡಿಗೆಗೆ. ಪರವಾನಗಿ ಪುಸ್ತಕದಲ್ಲಿ ಉದ್ದೇಶದ ಕಡೆ ಆತ್ಮರಕ್ಷಣೆ ಎಂದು ಬರೆದಿತ್ತು. ಒಬ್ಬ ವ್ಯಕ್ತಿಯ ಆತ್ಮರಕ್ಷಣೆಗೆ ಸರ್ಕಾರ ಕೊಟ್ಟ ಅನುಮತಿಯನ್ನು ನಾವು ತಿಂಗಳ ಬಿಲ್ಲಿನಲ್ಲಿ ಕೊಂಡುಕೊಳ್ಳುತ್ತಿದ್ದೆವು ಎಂಬುದು ನನಗೆ ತಿಳಿದದ್ದು ಆಗ.

ಛಠ್ ಹಬ್ಬಕ್ಕೆಂದು ನವೆಂಬರಿನಲ್ಲಿ ಅವನು ಊರಿಗೆ ಹೋದ. ಬದಲಿಗೆ ಬಂದ ಹುಡುಗನ ಹೆಗಲ ಮೇಲೆ ನೋಡಿದರೆ ಅದೇ ಕೋವಿ, ಅದೇ ತಾಮ್ರದ ತಂತಿ. ನಿನ್ನ ಪರವಾನಗಿ ಎಲ್ಲಿ ಎಂದರೆ ಏಜೆನ್ಸಿಯ ಗುರುತಿನ ಚೀಟಿ ತೋರಿಸಿದ. ವಿಧಾನಸಭೆ ಚುನಾವಣೆಯ ನೀತಿಸಂಹಿತೆ ಜಾರಿಯಲ್ಲಿದ್ದ ದಿನಗಳವು. ಮತದಾನ ನವೆಂಬರ್ 20ಕ್ಕಿತ್ತು. ನಮ್ಮೂರಿನ ಕಡೆ ಚುನಾವಣೆ ಬಂತೆಂದರೆ ಅಡಿಕೆ ತೋಟದವರು ಕೋವಿ ಹೊತ್ತುಕೊಂಡು ಠಾಣೆಗೆ ಹೋಗಿ ಇಟ್ಟು, ರಸೀದಿ ಪಡೆದು, ಗೊಣಗುತ್ತಾ ಮನೆಗೆ ಬರುತ್ತಾರೆ. ಇಲ್ಲಿ ಮಹಾನಗರದ ನಡುವೆ ಒಂದು ಕೋವಿ ಪರವಾನಗಿ ಇಲ್ಲದವನ ಹೆಗಲೇರಿ ಸಾಲದ ಕೌಂಟರ್ ಕಾಯುತ್ತಿತ್ತು. ಫೋನ್ ಮಾಡಿದಾಗ ಫೀಲ್ಡ್ ಆಫೀಸರ್, "ಸಾಹೇಬರೇ, ತೋರಿಸೋಕೆ ತಾನೇ" ಎಂದ. ಆ ದಿನವೇ ಹುಡುಗನನ್ನೂ ಕೋವಿಯನ್ನೂ ವಾಪಸು ಕಳಿಸಿದೆ.

ತೋರಿಸೋಕೆ ಇಟ್ಟದ್ದು ಏನು ಮಾಡಬಲ್ಲದು ಎಂಬುದನ್ನು ಈ ಊರು ಅದೇ ವರ್ಷ ಕಂಡಿತ್ತು. 2024ರ ಫೆಬ್ರುವರಿ 8ರಂದು ಬೋರಿವಲಿಯಲ್ಲಿ ಮಾಜಿ ನಗರಸೇವಕ ಅಭಿಷೇಕ್ ಘೋಸಾಳ್ಕರ್ ಅವರನ್ನು ಫೇಸ್‌ಬುಕ್ ನೇರಪ್ರಸಾರದ ನಡುವೆಯೇ ಗುಂಡಿಕ್ಕಿ ಕೊಂದವನು ಬಳಸಿದ ಪಿಸ್ತೂಲು ಅವನದ್ದಲ್ಲ. ಅವನ ಖಾಸಗಿ ಅಂಗರಕ್ಷಕನ ಹೆಸರಿನಲ್ಲಿ ಉತ್ತರ ಪ್ರದೇಶದಲ್ಲಿ ಪರವಾನಗಿ ಪಡೆದದ್ದು. ಪತ್ರಿಕೆಯಲ್ಲಿ ಓದಿ ರಾಜಕೀಯದ ಜಗಳವೆಂದು ಪುಟ ತಿರುಗಿಸಿದ್ದ ನಾನೇ ನಾಲ್ಕು ತಿಂಗಳ ಬಳಿಕ ಈ ಒಪ್ಪಂದಕ್ಕೆ ಸಹಿ ಹಾಕಿದ್ದೆ.

ಬಂದೂಕು ನೀತಿಯ ಚರ್ಚೆ ನಮ್ಮಲ್ಲಿ ನಡೆಯುವುದು ಬಹುಮಟ್ಟಿಗೆ ಎಣಿಕೆಯ ಮೇಲೆ. 2019ರ ಶಸ್ತ್ರಾಸ್ತ್ರ ತಿದ್ದುಪಡಿ ಕಾಯ್ದೆ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು, ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸುವವರಿಗೆ ಎರಡು ವರ್ಷದವರೆಗಿನ ಸೆರೆವಾಸ ಅಥವಾ ಒಂದು ಲಕ್ಷದವರೆಗಿನ ದಂಡ ಇಲ್ಲವೇ ಎರಡನ್ನೂ ಗೊತ್ತುಪಡಿಸಿತು. ಎಲ್ಲವೂ ಬೇಕಾದದ್ದೇ. ಆದರೆ ನಮ್ಮ ಬಾಗಿಲಲ್ಲಿದ್ದದ್ದು ಒಂದೇ ಕೋವಿ. ಕೆಟ್ಟದ್ದು ಅದು ಕೈ ಬದಲಾಯಿಸಿದ ರೀತಿ. ಪರವಾನಗಿಯ ಪುಸ್ತಕವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಜಮ್ಮು-ಕಾಶ್ಮೀರದಲ್ಲಿ 2012ರಿಂದ 2016ರ ನಡುವೆ 2.78 ಲಕ್ಷಕ್ಕೂ ಹೆಚ್ಚು ಪರವಾನಗಿಗಳನ್ನು ಅನರ್ಹರಿಗೆ ಕೊಡಲಾಗಿದೆ ಎಂಬ ಆರೋಪದ ಮೇಲೆ ಸಿಬಿಐ ತನಿಖೆ ನಡೆಸಿದೆ.

ಮಂಡಳಿಯ ಸಭೆಯಲ್ಲಿ ಇದನ್ನಿಟ್ಟಾಗ ಮಾತು ಅಮೆರಿಕಕ್ಕೂ ಹೋಯಿತು. ಅಲ್ಲಿ ಶಾಲೆಗಳಿಗೇ ಬಂದೂಕಿನ ಕಾವಲು ಬೇಕೆನ್ನುತ್ತಾರೆ, ನಾವು ಬಂಗಾರಕ್ಕೆ ಬೇಡವೆನ್ನುವುದೇ ಎಂದು ಖಜಾಂಚಿಗಳು ಕೇಳಿದರು. ಟೆಕ್ಸಾಸಿನ ಯುವಾಲ್ಡಿಯ ಶಾಲೆಗೆ 2022ರ ಮೇ ತಿಂಗಳಲ್ಲಿ 376 ಮಂದಿ ಸಶಸ್ತ್ರ ಅಧಿಕಾರಿಗಳು ಬಂದು ನೆರೆದರೂ, ಹಂತಕನನ್ನು ಎದುರಿಸಲು 77 ನಿಮಿಷ ತೆಗೆದುಕೊಂಡರು. ಸತ್ತವರು 19 ಮಕ್ಕಳು, ಇಬ್ಬರು ಶಿಕ್ಷಕಿಯರು ಎಂದೆ. ತರಬೇತಿ ಪಡೆದವರ ಕಥೆಯೇ ಹೀಗಾದರೆ, ಮರೆತ ತೋಟೆಯ ನಮ್ಮ ಕೋವಿಯಿಂದ ಯಾವ ಕಳ್ಳನನ್ನು ತಡೆಯುವುದು? ಖಜಾಂಚಿಗಳು ಒಪ್ಪಲಿಲ್ಲ, ಆದರೆ ಬಹುಮತ ಒಪ್ಪಿತು. ಜನವರಿಯಲ್ಲಿ ಮೂರು ತಿಂಗಳ ನೋಟಿಸು ಕೊಟ್ಟು, ಬಂದೂಕು ಬೇಡ, ಮನುಷ್ಯ ಸಾಕು ಎಂದೆವು. ಈಗ ತಿಜೋರಿಗೆ ಸಮಯದ ಬೀಗ, ಕೌಂಟರಿನಡಿ ಎಚ್ಚರಿಕೆಯ ಗುಂಡಿ ಇದೆ.

ಇಂಥ ಸೇವೆ ಪಡೆಯಲೇಬೇಕಾದವರು ಕಾವಲುಗಾರನ ಪರವಾನಗಿಯಲ್ಲಿ ಯುಐಎನ್ (ಪ್ರತಿ ಪರವಾನಗಿದಾರನಿಗೆ ಸರ್ಕಾರ ಕೊಡುವ ಪ್ರತ್ಯೇಕ ಗುರುತಿನ ಸಂಖ್ಯೆ) ಇದೆಯೇ ಎಂದು ನೋಡಿ, ಅದನ್ನು ಸ್ಥಳೀಯ ಠಾಣೆಯಲ್ಲಿ ಪರೀಕ್ಷಿಸಿಕೊಳ್ಳಲಿ. ರಜೆಗೆ ಹೋಗುವಾಗ ಬಂದೂಕು ಎಲ್ಲಿರುತ್ತದೆ ಎಂಬುದನ್ನು ಒಪ್ಪಂದದಲ್ಲೇ ಬರೆಸಲಿ. ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆಯಡಿ ರೂಪಿಸಿದ ಮಾದರಿ ನಿಯಮಗಳು ಕಾವಲುಗಾರನಿಗೆ 100 ಗಂಟೆ ತರಗತಿಯ ಮತ್ತು 60 ಗಂಟೆ ಬಯಲಿನ ತರಬೇತಿ ಹೇಳುತ್ತವೆ. ಅದರ ಪ್ರಮಾಣಪತ್ರವನ್ನು ನಾನು ಎರಡು ಸಲ ಕೇಳಿದೆ, ಎರಡು ಸಲವೂ "ಆಫೀಸಿನಲ್ಲಿದೆ" ಎಂದರು. ನಮ್ಮ ಮುಂಗಡ ಠೇವಣಿಯ ಬಗ್ಗೆಯೂ ಅವರು ಈಗ ಅದೇ ಉತ್ತರ ಕೊಡುತ್ತಿದ್ದಾರೆ.